ತೊಟ್ಟಿ ಮಾರಿದವರು ಕೋಡಿಯ ಹೊಣೆಯನ್ನೂ ಹೊರಬೇಕು

ಸಮುದ್ರದ ಉಪ್ಪುನೀರಿನಲ್ಲಿ ಹವಳಜೀವಿಗಳನ್ನೂ ಬಣ್ಣದ ಮೀನುಗಳನ್ನೂ ಸಾಕುವ ಗಾಜಿನ ತೊಟ್ಟಿಗಳು ನಮ್ಮ ನಗರಗಳಲ್ಲಿ ಹವ್ಯಾಸಿಗಳ ಮನೆಗಳಿಗಷ್ಟೇ ಸೀಮಿತವಾಗಿಲ್ಲ. ಆಸ್ಪತ್ರೆಗಳ ನಿರೀಕ್ಷಣಾ ಕೊಠಡಿ, ಹೋಟೆಲುಗಳ ಮುಂಗಟ್ಟು, ಕಚೇರಿಗಳ ಸ್ವಾಗತ ಕೋಣೆಗಳಲ್ಲಿಯೂ ಅವು ಕಾಣಸಿಗುತ್ತವೆ. ಇಂತಹ ಒಂದು ತೊಟ್ಟಿಯ ಹಿಂದೆ ಗಾಜು ಕತ್ತರಿಸುವವರು, ಪಿ.ವಿ.ಸಿ. ಪೈಪು ಹಾಗೂ ಫಿಟ್ಟಿಂಗುಗಳ ವರ್ತಕರು, ಪಂಪು ಮಾರಾಟಗಾರರು, ಅಕ್ರಿಲಿಕ್ ಕೆಲಸದವರು, ಕಬ್ಬಿಣದ ಸ್ಟ್ಯಾಂಡು ತಯಾರಿಸುವವರು ಹೀಗೆ ನಮ್ಮ ಸದಸ್ಯ ವರ್ಗಕ್ಕೇ ಸೇರಿದ ಹಲವು ಕೈಗಳ ದುಡಿಮೆ ಇದೆ. ಆದುದರಿಂದ ಈ ಪುಟ್ಟ ವ್ಯಾಪಾರದಲ್ಲಿ ಬೇರೂರಿರುವ ಒಂದು ದೊಡ್ಡ ಲೋಪವನ್ನು ಕುರಿತು ಇಲ್ಲಿ ಬರೆಯುವುದು ಅಪ್ರಸ್ತುತವಾಗಲಾರದು ಎಂದು ಭಾವಿಸಿದ್ದೇನೆ.

ಈ ವ್ಯಾಪಾರದಲ್ಲಿ 'ರೀಫ್ ರೆಡಿ' ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಅಮೆರಿಕದ ತೊಟ್ಟಿ ಮಾರುಕಟ್ಟೆಯಲ್ಲಿ ರೂಢಿಯಾದ ಈ ಮಾತಿನ ಅರ್ಥ, ತಳದಲ್ಲಿ ತೂತು ಕೊರೆದು, ಮೂಲೆಯಲ್ಲಿ ಓವರ್‌ಫ್ಲೋ ಪೆಟ್ಟಿಗೆಯೊಂದನ್ನು ಅಂಟಿಸಿ, ಹವಳ ಸಾಕಲು ಸಿದ್ಧಪಡಿಸಿದ ತೊಟ್ಟಿ ಎಂದು. ನಾವೂ ಆ ಮಾತನ್ನು ಬಿಲ್ಲುಗಳಲ್ಲಿ ಬರೆಯುತ್ತೇವೆ. ಆದರೆ ತೂತು ಕೊರೆದ ಮಾತ್ರಕ್ಕೆ ತೊಟ್ಟಿ ಸಿದ್ಧವಾಗುವುದಿಲ್ಲ. ಕರೆಂಟು ಹೋದಾಗ ಮತ್ತು ಪೈಪು ಕಟ್ಟಿಕೊಂಡಾಗ ಒಂದು ಹನಿ ನೀರೂ ನೆಲಕ್ಕೆ ಬೀಳದು ಎಂಬುದನ್ನು ಗ್ರಾಹಕರ ಕಣ್ಣೆದುರಿಗೆ ತೋರಿಸಿದ ಮೇಲಷ್ಟೇ ಅದನ್ನು ಸಿದ್ಧ ತೊಟ್ಟಿ ಎಂದು ಕರೆಯುವ ಹಕ್ಕು ನಮಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ವ್ಯವಸ್ಥೆಯ ಸ್ವರೂಪ

ಈ ಕ್ಷೇತ್ರದ ಪರಿಚಯವಿಲ್ಲದ ಸದಸ್ಯರಿಗಾಗಿ ಕೆಲವು ಮಾತು. ಹವಳದ ತೊಟ್ಟಿಯಲ್ಲಿ ನೀರನ್ನು ಶುದ್ಧಗೊಳಿಸುವ ಸಾಧನಗಳು, ಹೀಟರ್ ಮುಂತಾದವುಗಳನ್ನು ಕಣ್ಣಿಗೆ ಕಾಣದಂತೆ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿಯಲ್ಲಿ ಇರಿಸುತ್ತಾರೆ. ಇದಕ್ಕೆ ಸಂಪು ಎಂದು ಹೆಸರು. ನಮ್ಮ ಮನೆಗಳ ನೆಲದಡಿಯ ಸಂಪಿಗೂ ಮಹಡಿಯ ಮೇಲಿನ ಟ್ಯಾಂಕಿಗೂ ಇರುವ ಸಂಬಂಧವೇ ಇಲ್ಲಿಯೂ ಇದೆ. ಸಂಪಿನಲ್ಲಿರುವ ಪಂಪು ನೀರನ್ನು ರಿಟರ್ನ್ ಪೈಪಿನ ಮೂಲಕ ಮೇಲಕ್ಕೆ ಏರಿಸುತ್ತದೆ. ಮೇಲೆ ಹೆಚ್ಚಾದ ನೀರು ಓವರ್‌ಫ್ಲೋ ಪೆಟ್ಟಿಗೆಯ ಅಂಚನ್ನು ದಾಟಿ ಡ್ರೈನ್ ಪೈಪಿನ ಮೂಲಕ ಸಂಪಿಗೆ ಇಳಿಯುತ್ತದೆ. ಒಂದೇ ವ್ಯತ್ಯಾಸವೆಂದರೆ, ಮನೆಯ ಪಂಪು ದಿನಕ್ಕೆ ಅರ್ಧ ಗಂಟೆ ಓಡಿದರೆ ಇಲ್ಲಿನ ಪಂಪು ವರ್ಷದ ಅಷ್ಟೂ ದಿನ ಹಗಲಿರುಳು ಓಡುತ್ತದೆ.

ಪೆಟ್ಟಿಗೆಯ ಆ ಅಂಚಿಗೆ ನಮ್ಮ ಭಾಷೆಯಲ್ಲಿ ಸೊಗಸಾದ ಹೆಸರೊಂದಿದೆ: ಕೋಡಿ. ಕೆರೆ ಕಟ್ಟಿದ ನಮ್ಮ ಹಿರಿಯರು ಏರಿ, ತೂಬು, ಕೋಡಿ ಈ ಮೂರನ್ನೂ ಒಂದೇ ಕೆಲಸವೆಂದು ತಿಳಿದಿದ್ದರು. ಏರಿ ಎಷ್ಟೇ ಗಟ್ಟಿಯಾಗಿರಲಿ, ಮಳೆ ಹೆಚ್ಚಾದ ವರ್ಷ ನೀರು ಎಲ್ಲಿಂದ ಹೊರಗೆ ಹೋಗಬೇಕೆಂಬುದನ್ನು ಗೊತ್ತುಮಾಡದೆ ಕಟ್ಟಿದ ಕೆರೆ ಒಡೆದೇ ತೀರುತ್ತದೆ. ನಾವು ಇಂದು ಗಾಜಿನಲ್ಲಿ ಏರಿ ಕಟ್ಟಿ ಮಾರುತ್ತಿದ್ದೇವೆ. ಕೋಡಿಯ ಲೆಕ್ಕವನ್ನು ಮಾತ್ರ ಗ್ರಾಹಕರ ಪ್ಲಂಬರಿಗೆ ಬಿಟ್ಟುಬಿಟ್ಟಿದ್ದೇವೆ.

ಕೋಡಿಯ ಲೆಕ್ಕ ಕಷ್ಟದ್ದೇನೂ ಅಲ್ಲ. 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ತೊಟ್ಟಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪೂರ್ತಿ ತುಂಬಿದರೆ ಇದರಲ್ಲಿ 432 ಲೀಟರ್ ನೀರು ಹಿಡಿಯುತ್ತದೆ. ಗಂಟೆಗೆ ಸುಮಾರು 2000 ಲೀಟರ್ ನೀರು ಸಂಪಿನ ಮೂಲಕ ಸುತ್ತಿ ಬರಲಿ ಎಂದಿಟ್ಟುಕೊಳ್ಳಿ. ನೀರಾವರಿ ಇಂಜಿನಿಯರುಗಳು ಕಾಲುವೆಗಳಿಗೆ ಬಳಸುವ ಸೂತ್ರದ ಪ್ರಕಾರ, 30 ಸೆಂ.ಮೀ. ಅಗಲದ ನುಣುಪಾದ ಕೋಡಿಯ ಮೇಲೆ ಕೇವಲ 1 ಸೆಂ.ಮೀ. ಎತ್ತರ ನೀರು ಹರಿದರೆ ಇಷ್ಟು ನೀರು ದಾಟುತ್ತದೆ. ಮೀನುಗಳು ಒಳಗೆ ಬೀಳದಿರಲೆಂದು ಅಂಚಿಗೆ ಬಾಚಣಿಗೆಯಂತಹ ಹಲ್ಲುಗಳನ್ನು ಕತ್ತರಿಸುವುದುಂಟು. ಆ ಹಲ್ಲುಗಳು ಅರ್ಧ ಅಗಲವನ್ನು ಆಕ್ರಮಿಸಿದರೆ ಅದೇ ಪ್ರಮಾಣದ ನೀರಿಗೆ ಸುಮಾರು 1.6 ಸೆಂ.ಮೀ. ಎತ್ತರ ಬೇಕಾಗುತ್ತದೆ. ಅಂದರೆ ಕೋಡಿಯ ಅಗಲವನ್ನು ಅಂದಾಜಿನಲ್ಲಿ ಇಡದೆ ಲೆಕ್ಕದಲ್ಲಿ ಇಡಬಹುದು.

ನನ್ನದೇ ಒಂದು ತಪ್ಪು

ಬೇರೆಯವರ ದೋಷ ಹೇಳುವ ಮೊದಲು ನನ್ನದನ್ನು ಹೇಳುವುದು ನ್ಯಾಯ. ಗಾಜಿನ ತೊಟ್ಟಿ ತಯಾರಿಕೆಗೆ ಇಳಿದ ಆರಂಭದ ವರ್ಷಗಳಲ್ಲಿ, ಕಟ್ಟಡವೊಂದರ ಮೊದಲ ಮಹಡಿಯಲ್ಲಿದ್ದ ವೈದ್ಯರ ಚಿಕಿತ್ಸಾಲಯಕ್ಕೆ ಮೇಲೆ ಹೇಳಿದ ಅಳತೆಯದೇ ತೊಟ್ಟಿಯನ್ನು ಒದಗಿಸಿದ್ದೆ. ತೊಟ್ಟಿ ಮತ್ತು ಸಂಪು ನನ್ನವು. ಪಂಪು ಬೇರೊಬ್ಬ ವರ್ತಕರದು. ಪೈಪಿನ ಕೆಲಸ ಕಟ್ಟಡದ ಪ್ಲಂಬರಿನದು. ರಿಟರ್ನ್ ಪೈಪಿನಿಂದ ನೀರು ಬೀಳುವ ಸದ್ದು ರೋಗಿಗಳಿಗೆ ಕಿರಿಕಿರಿಯಾಗುತ್ತದೆಂದು ವೈದ್ಯರು ಹೇಳಿದಾಗ, ಪ್ಲಂಬರು ಪೈಪಿನ ಬಾಯನ್ನು ನೀರಿನ ಮಟ್ಟದಿಂದ 15 ಸೆಂ.ಮೀ. ಕೆಳಕ್ಕೆ ಇಳಿಸಿದರು. ಸದ್ದು ಅಡಗಿತು. ಕರೆಂಟು ಹೋದರೆ ನೀರು ಹಿಂದಕ್ಕೆ ಬರಬಾರದೆಂದು ಪೈಪಿನಲ್ಲಿ, ನೀರಿನ ಮಟ್ಟದ ತುಸು ಕೆಳಗೆ, ಗಾಳಿ ಎಳೆದುಕೊಳ್ಳಲು ಒಂದು ಸಣ್ಣ ತೂತನ್ನೂ ಕೊರೆದರು. ಎಲ್ಲವೂ ಸರಿಯಾಗಿದೆಯೆಂದು ನಾವೆಲ್ಲ ತಿಳಿದೆವು.

ಏಳೆಂಟು ತಿಂಗಳಲ್ಲಿ ಆ ತೂತನ್ನು ಪಾಚಿ ಮುಚ್ಚಿತ್ತು. ಒಂದು ಶನಿವಾರ ರಾತ್ರಿ ಕರೆಂಟು ಹೋಯಿತು. ಪಂಪು ನಿಂತೊಡನೆ ರಿಟರ್ನ್ ಪೈಪೇ ಸೈಫನ್ನಾಗಿ ಮಾರ್ಪಟ್ಟು, ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ಮೇಲಿನ ನೀರನ್ನು ಕೆಳಕ್ಕೆ ಎಳೆಯಿತು. ಸಂಪು ಉಕ್ಕಿತು. ನೆಲದ ಮೇಲೆ ಹರಿದ ಉಪ್ಪುನೀರು ಕೆಳಗಿನ ಅಂತಸ್ತಿನಲ್ಲಿದ್ದ ಮದುವೆ ಪತ್ರಿಕೆಗಳ ಅಂಗಡಿಯ ದಾಸ್ತಾನಿನ ಮೇಲೆ ತೊಟ್ಟಿಕ್ಕಿತು. ಕರೆಂಟು ಬಂದಾಗ ಸಂಪಿನಲ್ಲಿ ಸಾಕಷ್ಟು ನೀರಿಲ್ಲದೆ ಪಂಪು ಗಾಳಿ ಎಳೆಯುತ್ತ ಸುಟ್ಟುಹೋಯಿತು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದವರಿಗೆ ಸತ್ತ ಮೀನುಗಳು ಕಂಡವು.

ಮುಂದಿನ ಪಂಚಾಯಿತಿಯನ್ನು ವಿವರಿಸಬೇಕಾಗಿಲ್ಲ. ತೊಟ್ಟಿ ಸೋರಿಲ್ಲವೆಂದು ನಾನು ಹೇಳಿದೆ, ನಿಜ. ಪಂಪು ಕೆಟ್ಟದ್ದಲ್ಲವೆಂದು ಅದರ ವರ್ತಕರು ಹೇಳಿದರು; ಅದೂ ನಿಜ. ಒಂದು ಜಾಯಿಂಟೂ ಬಿಟ್ಟಿಲ್ಲವೆಂದು ಪ್ಲಂಬರು ಹೇಳಿದರು, ಅದೂ ನಿಜವೇ. ಮೂವರ ಕೆಲಸವೂ ಸರಿಯಾಗಿತ್ತು, ಒಟ್ಟು ಕೆಲಸ ಮಾತ್ರ ಕೆಟ್ಟಿತ್ತು. ಕೊನೆಗೆ ಪತ್ರಿಕೆಗಳ ಅಂಗಡಿಯವರಿಗೆ ನಾನೇ ಹಣ ಕಟ್ಟಿಕೊಟ್ಟೆ. ಅದು ಆ ತೊಟ್ಟಿಯಲ್ಲಿ ನಾನು ಗಳಿಸಿದ ಲಾಭದ ಹಲವು ಪಟ್ಟಾಗಿತ್ತು. ಹಣಕ್ಕಿಂತ ಹೆಚ್ಚಾಗಿ, ಆ ಬೀದಿಯಲ್ಲಿ ನನ್ನ ಹೆಸರು ಹೋಯಿತು.

ರಿಟರ್ನ್ ಪೈಪಿನ ಲೆಕ್ಕ

ಆ ರಾತ್ರಿ ನಡೆದದ್ದನ್ನು ಕಾಗದದ ಮೇಲೆ ಮೊದಲೇ ಕಾಣಬಹುದಿತ್ತು ಎಂಬುದೇ ಇಂದಿಗೂ ನನ್ನನ್ನು ಬಾಧಿಸುವ ಸಂಗತಿ. 120 ಸೆಂ.ಮೀ.ಗೆ 60 ಸೆಂ.ಮೀ. ತೊಟ್ಟಿಯಲ್ಲಿ ಪ್ರತಿ 1 ಸೆಂ.ಮೀ. ಎತ್ತರದ ನೀರೆಂದರೆ 7.2 ಲೀಟರ್. ರಿಟರ್ನ್ ಪೈಪಿನ ಬಾಯಿ 15 ಸೆಂ.ಮೀ. ಕೆಳಗಿದ್ದರೆ ಕರೆಂಟು ಹೋದಾಗ ಕೆಳಕ್ಕೆ ಬರುವ ನೀರು 108 ಲೀಟರ್. ಇದರ ಜೊತೆಗೆ ಓವರ್‌ಫ್ಲೋ ಪೆಟ್ಟಿಗೆಯೊಳಗಿನ ನಾಲ್ಕೈದು ಲೀಟರ್. 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಸಂಪಿನಲ್ಲಿ 1 ಸೆಂ.ಮೀ. ಎಂದರೆ 3.6 ಲೀಟರ್. ಪಂಪು ಓಡುವಾಗ ಸಂಪು ಅರ್ಧ ತುಂಬಿದ್ದರೆ ಖಾಲಿ ಉಳಿದ ಜಾಗ 72 ಲೀಟರ್ ಮಾತ್ರ. ಉಳಿದ ಸುಮಾರು 40 ಲೀಟರ್, ಅಂದರೆ ಕುಡಿಯುವ ನೀರಿನ ಎರಡು ದೊಡ್ಡ ಕ್ಯಾನುಗಳಷ್ಟು, ನೆಲಕ್ಕಲ್ಲದೆ ಇನ್ನೆಲ್ಲಿಗೆ ಹೋಗಬೇಕು?

ಅದೇ ಪೈಪಿನ ಬಾಯಿ ನೀರಿನ ಮಟ್ಟದಿಂದ 3 ಸೆಂ.ಮೀ. ಕೆಳಗಿದ್ದಿದ್ದರೆ ಇಳಿಯುತ್ತಿದ್ದುದು 22 ಲೀಟರಿಗೆ ತುಸು ಕಡಿಮೆ. ಪೆಟ್ಟಿಗೆಯ ನೀರು ಸೇರಿದರೂ ಸಂಪಿನ ಮಟ್ಟ 7-8 ಸೆಂ.ಮೀ. ಏರಿ ನಿಲ್ಲುತ್ತಿತ್ತು. 12 ಸೆಂ.ಮೀ. ಪೈಪಿನ ವ್ಯತ್ಯಾಸ ಅಷ್ಟೆಲ್ಲ ನಷ್ಟಕ್ಕೆ ಕಾರಣವಾಯಿತು.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ಬಿಡಬೇಕಾಗಿದೆ. ಮೊದಲನೆಯದು, ಸೈಫನ್ ತಡೆಯುವ ಸಣ್ಣ ತೂತು. ಅದು ಪಾಚಿಯಿಂದ ಮುಚ್ಚಬಹುದು, ಪುಟ್ಟ ಬಸವನಹುಳು ಬಂದು ಕೂರಬಹುದು. ಎರಡನೆಯದು, ನಾನ್‌ರಿಟರ್ನ್ ವಾಲ್ವ್. ಸಮುದ್ರಜಲದಲ್ಲಿ ಪೈಪುಗಳ ಒಳಮೈಗೆ ಸುಣ್ಣದಂಶದ ಪದರ ಕಟ್ಟುತ್ತದೆ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಇವೆರಡನ್ನೂ ಅಳವಡಿಸಬಾರದೆಂದು ನಾನು ಹೇಳುತ್ತಿಲ್ಲ. ಅವೆರಡೂ ಇಲ್ಲವೆಂದೇ ಭಾವಿಸಿ ಸಂಪಿನ ಅಳತೆಯನ್ನು ಗೊತ್ತುಮಾಡಬೇಕು. ಅವು ಕೆಲಸ ಮಾಡಿದರೆ ಅದು ಲಾಭ, ಮಾಡದಿದ್ದರೆ ನಷ್ಟವಿಲ್ಲ.

ಡ್ರೈನ್ ಒಂದು ಸಾಲದು

ಈಗ ಎರಡನೆಯ ಅಪಾಯ. ಡ್ರೈನ್ ಪೈಪಿಗೆ ಎಲೆಯಂತಹ ಪಾಚಿಯ ತುಣುಕೋ ಸತ್ತ ಮೀನೋ ಸಿಕ್ಕಿಕೊಂಡರೆ ಪಂಪು ಮಾತ್ರ ನಿಲ್ಲುವುದಿಲ್ಲ. ಮೇಲಕ್ಕೆ ನೀರು ಏರಿಸುತ್ತಲೇ ಇರುತ್ತದೆ. ಆಗ ಉಕ್ಕುವುದು ಸಂಪಲ್ಲ, ಮೇಲಿನ ತೊಟ್ಟಿ.

ಮಾರುಕಟ್ಟೆಯ 'ರೀಫ್ ರೆಡಿ' ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಎರಡು ತೂತುಗಳಿರುತ್ತವೆ: ಒಂದು ಇಂಚಿನ ಫಿಟ್ಟಿಂಗಿಗೆ ಒಂದು, ಮುಕ್ಕಾಲು ಇಂಚಿನದಕ್ಕೆ ಇನ್ನೊಂದು. ದೊಡ್ಡದು ಡ್ರೈನಿಗೆ, ಚಿಕ್ಕದು ರಿಟರ್ನಿಗೆ ಎಂಬುದು ರೂಢಿ. ಈ ರೂಢಿಯೇ ದೋಷದ ಮೂಲವೆಂದು ನಾನು ಹೇಳುತ್ತೇನೆ. ರಿಟರ್ನ್ ಪೈಪಿಗೆ ತೂತಿನ ಅಗತ್ಯವೇ ಇಲ್ಲ. ಅದನ್ನು ತೊಟ್ಟಿಯ ಹಿಂಬದಿಯಿಂದ ಅಂಚಿನ ಮೇಲೆ ಹಾಯಿಸಿ ಒಳಕ್ಕೆ ಬಿಡಬಹುದು. ಪಂಪಿನ ಒತ್ತಡದಿಂದ ಹೋಗುವ ನೀರು ಅಂಚನ್ನು ಹತ್ತಿ ಇಳಿಯಬಲ್ಲದು. ತನ್ನ ಭಾರದಿಂದ ಮಾತ್ರ ಇಳಿಯಬೇಕಾದ ಡ್ರೈನ್ ನೀರಿಗೆ ಆ ಶಕ್ತಿಯಿಲ್ಲ. ಆದುದರಿಂದ ಇರುವ ಎರಡು ತೂತುಗಳೂ ಡ್ರೈನಿಗೇ ಮೀಸಲಾಗಬೇಕು.

ಇದು ನನ್ನ ಆವಿಷ್ಕಾರವೇನಲ್ಲ. ಹವ್ಯಾಸಿಗಳ ನಡುವೆ ಮೂರು ಪದ್ಧತಿಗಳು ಪ್ರಸಿದ್ಧವಾಗಿವೆ. ಡರ್ಸೋ ಎಂಬ ಪದ್ಧತಿಯಲ್ಲಿ ಒಂದೇ ನಿಲುಪೈಪಿನ ತಲೆಗೆ ಟೀ, ಎಲ್ಬೋ ಜೋಡಿಸಿ, ಗಾಳಿಯಾಡಲು ಮೇಲೆ ಚಿಕ್ಕ ತೂತು ಬಿಟ್ಟು ಗೊಳಗೊಳ ಸದ್ದನ್ನು ತಗ್ಗಿಸುತ್ತಾರೆ. ಸದ್ದು ತಗ್ಗುತ್ತದೆ, ಆದರೆ ಡ್ರೈನ್ ಒಂದೇ ಆಗಿ ಉಳಿಯುತ್ತದೆ. ಹರ್ಬಿ ಪದ್ಧತಿಯಲ್ಲಿ ಎರಡು ಪೈಪುಗಳು: ಒಂದು ಪೂರ್ತಿ ನೀರು ತುಂಬಿ ಸೈಫನ್ನಿನಂತೆ ನಿಶ್ಶಬ್ದವಾಗಿ ಹರಿಯುತ್ತದೆ, ಸಂಪಿನ ಮೇಲ್ಗಡೆ ಅದಕ್ಕೊಂದು ವಾಲ್ವ್ ಇಟ್ಟು ಹರಿವನ್ನು ಹೊಂದಿಸುತ್ತಾರೆ, ಇನ್ನೊಂದು ಅದಕ್ಕಿಂತ ಎತ್ತರದಲ್ಲಿ ಬಾಯ್ದೆರೆದು ಆಪತ್ತಿಗಾಗಿ ಕಾದಿರುತ್ತದೆ. ಬೀನ್ ಅನಿಮಲ್ ಎಂಬ ಪದ್ಧತಿಯಲ್ಲಿ ಮೂರು ಪೈಪುಗಳು: ಒಂದು ಸೈಫನ್, ಒಂದು ಸ್ವಲ್ಪವೇ ನೀರು ಹರಿಯುವ ತೆರೆದ ಪೈಪು, ಒಂದು ಪೂರ್ತಿ ಒಣಗಿದ ಆಪತ್ಕಾಲದ ಪೈಪು. ಹಿಂಬದಿ ಗಾಜಿಗೆ ತೂತು ಕೊರೆಯುವ ಹೊಸ ತೊಟ್ಟಿಗಳಿಗೆ ಈ ಮೂರನೆಯದೇ ಅತ್ಯುತ್ತಮ. ಎರಡು ತೂತಿನ ತೊಟ್ಟಿಗಳಿಗೆ ಎರಡನೆಯದು ಸಾಕು. ನಿಯಮವೊಂದೇ: ಆಪತ್ತಿನ ಪೈಪು ಪಂಪಿನ ಅಷ್ಟೂ ನೀರನ್ನು ಒಂಟಿಯಾಗಿ ಹೊರುವಂತಿರಬೇಕು, ಅದರ ಮೇಲೆ ಯಾವ ವಾಲ್ವೂ ಇರಬಾರದು. ಚಿಕ್ಕ ತೂತಿನ ಪೈಪು ಅಷ್ಟು ನೀರನ್ನು ಹೊರಲಾರದಾದರೆ ಅದನ್ನು ಸೈಫನ್ನಿಗೆ ಕೊಟ್ಟು, ದೊಡ್ಡದನ್ನು ಆಪತ್ತಿಗೆ ಮೀಸಲಿಡಬೇಕು. ನೀರು ತುಂಬಿ ಹರಿಯುವ ಪೈಪು ಗಾಳಿ ಬೆರೆತು ಹರಿಯುವ ಪೈಪಿಗಿಂತ ಬಹಳ ಹೆಚ್ಚು ನೀರನ್ನು ಸಾಗಿಸುತ್ತದೆ.

ಸೈಫನ್ ಪೈಪಿನ ಹರಿವನ್ನು ಹೊಂದಿಸಲು ಬಾಲ್ ವಾಲ್ವಿಗಿಂತ ಗೇಟ್ ವಾಲ್ವ್ ಮೇಲು. ಬಾಲ್ ವಾಲ್ವಿನ ಹಿಡಿ ಕಾಲು ಸುತ್ತು ತಿರುಗಿದರೆ ಪೂರ್ತಿ ಮುಚ್ಚುತ್ತದೆ. ಗೇಟ್ ವಾಲ್ವ್ ಹಲವು ಸುತ್ತು ತಿರುಗುವುದರಿಂದ ಕೂದಲೆಳೆಯಷ್ಟು ಹೊಂದಾಣಿಕೆಯೂ ಸಾಧ್ಯ. ಇನ್ನೊಂದು ಅಂಶ ನಮ್ಮ ಪರಿಸ್ಥಿತಿಗೆ ಮುಖ್ಯವಾದದ್ದು. ಕರೆಂಟು ಹೋಗಿ ಜನರೇಟರ್ ಬರುವ ಅಪಾರ್ಟ್‌ಮೆಂಟುಗಳಲ್ಲಿ ಪಂಪು ಪದೇ ಪದೇ ನಿಂತು ಓಡುತ್ತದೆ. ಪ್ರತಿ ಬಾರಿಯೂ ಸೈಫನ್ ತಾನಾಗಿಯೇ ಶುರುವಾಗಬೇಕು. ಅದಕ್ಕಾಗಿ ಡ್ರೈನ್ ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ 2-3 ಸೆಂ.ಮೀ.ಗಿಂತ ಹೆಚ್ಚು ಮುಳುಗಿರಬಾರದು. ಹೆಚ್ಚು ಮುಳುಗಿದ್ದರೆ ಪೈಪಿನೊಳಗಿನ ಗಾಳಿ ಹೊರಬರಲಾಗದೆ ಸೈಫನ್ ಹುಟ್ಟುವುದಿಲ್ಲ.

ಸಂಪಿನ ವಿಭಾಗಗಳಲ್ಲಿಯೂ ರಕ್ಷಣೆಯಿದೆ. ಪಂಪಿರುವ ಕೋಣೆಯನ್ನು ಪ್ರತ್ಯೇಕವಾಗಿ, 30 ಸೆಂ.ಮೀ.ಗೆ 40 ಸೆಂ.ಮೀ. ಅಳತೆಯಲ್ಲಿ ಇಟ್ಟು, ಪಂಪಿನ ಬಾಯಿಯ ಮೇಲೆ 15 ಸೆಂ.ಮೀ. ನೀರಿದ್ದರೆ, ಡ್ರೈನ್ ಪೂರ್ತಿ ಮುಚ್ಚಿದಾಗಲೂ ಮೇಲಕ್ಕೆ ಹೋಗಬಲ್ಲ ನೀರು 18 ಲೀಟರ್ ಮಾತ್ರ. ತೊಟ್ಟಿಯ ಮಟ್ಟ ಏರುವುದು 2.5 ಸೆಂ.ಮೀ. ಗಾಜಿನ ಅಂಚಿಗೆ 4 ಸೆಂ.ಮೀ. ಜಾಗ ಬಿಟ್ಟಿದ್ದರೆ ನೀರು ಹೊರಗೆ ಬಾರದು. ಅಡ್ಡಗೋಡೆಯಿಲ್ಲದ ಬಯಲು ಸಂಪಿನಲ್ಲಿ ಅದೇ 15 ಸೆಂ.ಮೀ. ಎಂದರೆ 54 ಲೀಟರ್. ಮಟ್ಟ ಏರುವುದು 7.5 ಸೆಂ.ಮೀ.; ಸುಮಾರು 25 ಲೀಟರ್ ನೆಲಕ್ಕೆ. ಆವಿಯಾದ ನೀರನ್ನು ತಾನಾಗಿ ತುಂಬುವ ಯಂತ್ರವಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಪಂಪಿನ ಕೋಣೆ ಬರಿದಾದುದನ್ನು ಕಂಡು ಅದು ಸಿಹಿನೀರನ್ನು ಸುರಿಯುತ್ತಲೇ ಹೋಗುತ್ತದೆ.

ಗಾಜು ಮತ್ತು ಪೈಪಿನ ವರ್ತಕರಿಗೆ ಕೆಲವು ಮಾತು

ಗಾಜಿನ ಕೆಲಸದವರು ಮರೆಯಬಾರದ ಮೊದಲ ಸಂಗತಿ: ಟಫನ್ಡ್ ಗಾಜಿಗೆ ತೂತು ಕೊರೆಯಲಾಗದು, ಕೊರೆಯಲು ಹೋದರೆ ಇಡೀ ಗಾಜು ಪುಡಿಪುಡಿಯಾಗುತ್ತದೆ. ಸಾಧಾರಣ ಗಾಜಿಗೆ ವಜ್ರದ ಪುಡಿ ಲೇಪಿಸಿದ ಬಿಟ್ಟಿನಿಂದ, ನೀರು ಹಾಯಿಸುತ್ತ, ಅವಸರವಿಲ್ಲದೆ ಕೊರೆಯಬೇಕು. ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ತೂತಿನ ವ್ಯಾಸದಷ್ಟು ಅಂತರವಿರಲಿ. ಟ್ಯಾಂಕ್ ನಿಪ್ಪಲನ್ನು ಮೊದಲು ಕೈಗೆ ತೆಗೆದುಕೊಂಡು ಅಳೆದು, ಆನಂತರ ತೂತು ಕೊರೆಯಬೇಕು. ಒಂದು ಇಂಚಿನ ಫಿಟ್ಟಿಂಗಿಗೂ ತಯಾರಕರಿಂದ ತಯಾರಕರಿಗೆ ತೂತಿನ ಅಳತೆ ಬದಲಾಗುತ್ತದೆ. ರಬ್ಬರ್ ವಾಷರು ಅಗಲ ತಲೆಯಿರುವ ಬದಿಯಲ್ಲಿರಬೇಕು, ನಟ್ಟಿನ ಬದಿಯಲ್ಲಲ್ಲ. ಕೈಯಿಂದ ಬಿಗಿಮಾಡಿ ಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ಪೈಪು ರೆಂಚಿನ ಬಲ ಗಾಜಿಗೆ ಸಲ್ಲದು.

ಪೈಪಿನ ವರ್ತಕರಿಗೆ ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಮಿಲಿಮೀಟರ್ ಅಳತೆಯ ಪೈಪುಗಳೂ ಇಂಚಿನ ಅಳತೆಯ ಪೈಪುಗಳೂ ಒಂದೇ ಅಂಗಡಿಯಲ್ಲಿ ದೊರೆಯುತ್ತವೆ. 32 ಮಿ.ಮೀ. ಪೈಪಿನ ಹೊರವ್ಯಾಸ 32 ಮಿ.ಮೀ.; ಒಂದು ಇಂಚಿನ ಶೆಡ್ಯೂಲ್ 40 ಅಥವಾ 80 ಪೈಪಿನ ಹೊರವ್ಯಾಸ 33.4 ಮಿ.ಮೀ. ಆಮದಾದ ಇಂಚಿನ ಫಿಟ್ಟಿಂಗಿನೊಳಕ್ಕೆ 32 ಮಿ.ಮೀ. ಪೈಪು ಸಲೀಸಾಗಿ ಇಳಿಯುತ್ತದೆ. ಆ 1.4 ಮಿ.ಮೀ. ಸಂದನ್ನು ಸಾಲ್ವೆಂಟ್ ಸಿಮೆಂಟು ತುಂಬುತ್ತದೆಂದು ಪ್ಲಂಬರು ನಂಬುತ್ತಾರೆ. ಸಿಮೆಂಟು ಅಂಟಲ್ಲ, ಬಿಗಿಯಾಗಿ ಕೂತ ಎರಡು ಮೇಲ್ಮೈಗಳನ್ನು ಕರಗಿಸಿ ಬೆಸೆಯುವ ದ್ರವ. ಸಂದಿರುವಲ್ಲಿ ಬೆಸುಗೆಯಿಲ್ಲ. ಚೂಡಿಯ ವಿಷಯವೂ ಹೀಗೆಯೇ: ಒಂದು ಇಂಚಿನ ಬ್ರಿಟಿಷ್ ಚೂಡಿಯಲ್ಲಿ ಇಂಚಿಗೆ 11 ಸುತ್ತು, ಅಮೆರಿಕದ ಚೂಡಿಯಲ್ಲಿ ಹನ್ನೊಂದೂವರೆ. ಮೊದಲೆರಡು ಸುತ್ತು ಹಿಡಿದಂತೆ ತೋರಿ ಆಮೇಲೆ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆಯ ವಾಲ್ವು, ತಾಮ್ರದ ಫಿಟ್ಟಿಂಗುಗಳನ್ನಂತೂ ಈ ಕೆಲಸಕ್ಕೆ ಕೊಡಲೇಬಾರದು. ಅಲ್ಪ ಪ್ರಮಾಣದ ತಾಮ್ರವೂ ಹವಳಜೀವಿಗಳಿಗೆ ವಿಷ.

ವಿದ್ಯುತ್ತಿನ ಬಗ್ಗೆ ಎರಡು ಮಾತು. ಉಪ್ಪುನೀರು ಸಿಹಿನೀರಿಗಿಂತ ಬಹಳ ಚೆನ್ನಾಗಿ ವಿದ್ಯುತ್ತನ್ನು ಹಾಯಿಸುತ್ತದೆ. ಪ್ಲಗ್ಗಿನ ಬೋರ್ಡು ಸಂಪಿನ ಅಂಚಿಗಿಂತ ಎತ್ತರದಲ್ಲಿ, ಪೈಪುಗಳ ಕೆಳಗೆ ಬಾರದಂತೆ ಇರಬೇಕು. ವೈರು ಪ್ಲಗ್ಗಿಗೆ ಹೋಗುವ ಮೊದಲು ಕೆಳಕ್ಕೆ ಜೋತು ಮೇಲೇರಬೇಕು, ಹನಿಗಳು ಅಲ್ಲಿಯೇ ಉದುರುವಂತೆ. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದ ಕಡೆ ಪಂಪು ಚಾಲೂ ಮಾಡಲು ನಾವು ಒಪ್ಪಬಾರದು. ನೆಲ ಒದ್ದೆಯಾದರೆ ಒರೆಸಬಹುದು, ಜೀವಕ್ಕೆ ಪರಿಹಾರವಿಲ್ಲ.

ಆಕ್ಷೇಪಣೆಗಳು

ಇಷ್ಟೆಲ್ಲ ರಗಳೆ ಏಕೆ, ತೂತೇ ಇಲ್ಲದ ತೊಟ್ಟಿ ಮಾರಿದರಾಯಿತಲ್ಲ ಎಂಬುವರಿದ್ದಾರೆ. ತೂತಿಲ್ಲದ ತೊಟ್ಟಿಯ ಅಂಚಿಗೆ ನೇತುಹಾಕುವ ಓವರ್‌ಫ್ಲೋ ಪೆಟ್ಟಿಗೆಗಳು ಬಾಗಿದ ಕೊಳವೆಯ ಸೈಫನ್ನನ್ನು ನೆಚ್ಚಿಕೊಂಡಿರುತ್ತವೆ. ಆ ಕೊಳವೆಯ ಬಾಗಿನಲ್ಲಿ ಗಾಳಿ ಸೇರಿ ಸೈಫನ್ ಕಡಿದರೆ, ಕರೆಂಟು ಬಂದೊಡನೆ ಪಂಪು ನೀರನ್ನು ಏರಿಸುತ್ತದೆ, ಇಳಿಯಲು ದಾರಿ ಇರುವುದಿಲ್ಲ. ಸರಿಯಾಗಿ ಕೊರೆದ ತೂತು ಇದಕ್ಕಿಂತ ಎಷ್ಟೋ ನಂಬಿಕೆಗೆ ಅರ್ಹ. ತೂತು ಅಪಾಯವಲ್ಲ, ಅರ್ಧ ಯೋಚನೆ ಅಪಾಯ.

ಬೆಲೆ ಹೆಚ್ಚಾದರೆ ಗ್ರಾಹಕರು ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬುದು ಎರಡನೆಯ ಆಕ್ಷೇಪಣೆ. ಇದರಲ್ಲಿ ಸತ್ಯವಿದೆ, ಚೌಕಾಸಿಯ ಕಷ್ಟವನ್ನು ನಾನೂ ಉಂಡವನೇ. ಆದರೆ ಹೆಚ್ಚುವರಿ ವೆಚ್ಚ ಯಾವುದು? ಇನ್ನೊಂದು ಟ್ಯಾಂಕ್ ನಿಪ್ಪಲು, ಕೆಲವು ಅಡಿ ಪೈಪು, ಒಂದು ಗೇಟ್ ವಾಲ್ವು, ಕಳಚಿ ಜೋಡಿಸಲು ಒಂದೆರಡು ಯೂನಿಯನ್ನು. ತೊಟ್ಟಿ, ದೀಪ, ಪಂಪುಗಳ ಒಟ್ಟು ಬೆಲೆಯಲ್ಲಿ ಇದು ಅತಿ ಸಣ್ಣ ಪಾಲು. ಇದನ್ನು ಬೇರೆಯಾಗಿ ಬರೆದು ತೋರಿಸುವುದರಿಂದ ಗ್ರಾಹಕರು ಚೌಕಾಸಿ ಮಾಡುತ್ತಾರೆ. ತೊಟ್ಟಿಯ ಬೆಲೆಯೊಳಗೇ ಸೇರಿಸಿ, ಇದಿಲ್ಲದೆ ಮಾರುವುದಿಲ್ಲವೆಂದು ಹೇಳಿದರೆ ಕೇಳಿಕೊಳ್ಳುತ್ತಾರೆ.

ಮೂರನೆಯದು, ಪ್ಲಂಬಿಂಗ್ ನಮ್ಮ ಕೆಲಸವಲ್ಲ ಎಂಬ ಮಾತು. ನನ್ನ ಅನುಭವದ ಪ್ರಕಾರ ಈ ಮಾತೇ ಎಲ್ಲ ಅನಾಹುತದ ಬೇರು. ನೀರು ಉಕ್ಕಿದ ದಿನ ಗ್ರಾಹಕರು ಹುಡುಕಿಕೊಂಡು ಬರುವುದು ತೊಟ್ಟಿಯ ಮೇಲೆ ಅಂಟಿಸಿದ ಹೆಸರನ್ನು. ಹೊಣೆ ಹೇಗಿದ್ದರೂ ನಮ್ಮ ತಲೆಗೇ ಬರುವುದಾದರೆ, ಅದನ್ನು ಮೊದಲೇ ಹೊತ್ತು, ಅದಕ್ಕೆ ತಕ್ಕ ಬೆಲೆ ಪಡೆಯುವುದೇ ವ್ಯಾಪಾರ ಧರ್ಮ.

ಒಂದು ಪುಟದ ಸಲಹೆ

ಈ ವ್ಯಾಪಾರದಲ್ಲಿರುವ ಸದಸ್ಯರು ಒಂದು ಪುಟದ ಹಸ್ತಾಂತರ ಪತ್ರವನ್ನು ರೂಢಿಗೆ ತರಬೇಕೆಂಬುದು ನನ್ನ ಸಲಹೆ. ಅದರಲ್ಲಿ ತೊಟ್ಟಿ ಹಾಗೂ ಸಂಪಿನ ಅಳತೆ, ಕೋಡಿಯ ಅಗಲ, ಡ್ರೈನ್ ಪೈಪುಗಳ ಸಂಖ್ಯೆ ಮತ್ತು ಗಾತ್ರ, ಪಂಪಿನ ಹರಿವು, ರಿಟರ್ನ್ ಪೈಪಿನ ಬಾಯಿಯ ಆಳ, ಸಂಪಿನಲ್ಲಿ ನೀರು ದಾಟಬಾರದ ಗುರುತು ಇವಿಷ್ಟು ಇರಲಿ. ಕೆಳಗೆ ಎರಡು ಪರೀಕ್ಷೆಗಳ ಫಲ. ಮೊದಲನೆಯದು: ಪಂಪಿನ ಸ್ವಿಚ್ಚು ಆರಿಸಿ, ನೀರು ಇಳಿದು ನಿಲ್ಲುವವರೆಗೆ ಕಾದು, ಸಂಪಿನ ಮಟ್ಟವನ್ನು ಗುರುತಿಸುವುದು, ಆಮೇಲೆ ಮತ್ತೆ ಚಾಲೂ ಮಾಡಿ ಸೈಫನ್ ತಾನಾಗಿ ಶುರುವಾಗುವುದನ್ನು ನೋಡುವುದು. ಎರಡನೆಯದು: ಮುಖ್ಯ ಡ್ರೈನಿನ ವಾಲ್ವ್ ಪೂರ್ತಿ ಮುಚ್ಚಿ, ಆಪತ್ತಿನ ಪೈಪು ಒಂದೇ ಎಲ್ಲ ನೀರನ್ನು ಹೊರುವುದನ್ನು ನೋಡುವುದು. ಇವನ್ನು ಮೀನು, ಹವಳ ತರುವ ಮೊದಲು, ಸಿಹಿನೀರಿನಲ್ಲೇ ಮಾಡಬಹುದು. ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಗ್ರಾಹಕರೂ ಮಾರಾಟಗಾರರೂ ಸಹಿ ಹಾಕಿ ತಲಾ ಒಂದು ಪ್ರತಿ ಇಟ್ಟುಕೊಳ್ಳಲಿ. ಆಮೇಲೆ ಯಾರಾದರೂ ಪೈಪಿನ ಬಾಯನ್ನು ಕೆಳಗಿಳಿಸಿದರೆ ಅದು ಯಾರ ಕೆಲಸವೆಂಬುದೂ ತಿಳಿಯುತ್ತದೆ.

ಸಣ್ಣ ತಯಾರಕರಿಗೆ ಇಲ್ಲೊಂದು ಅವಕಾಶವೂ ಇದೆ. ಅಕ್ರಿಲಿಕ್ ಕೋಡಿ ಪೆಟ್ಟಿಗೆ, ಮಿಲಿಮೀಟರ್ ಅಳತೆಗೆ ಹೊಂದುವ ಟ್ಯಾಂಕ್ ನಿಪ್ಪಲು, ಪ್ಲಾಸ್ಟಿಕ್ಕಿನ ಗೇಟ್ ವಾಲ್ವು, ಯೂನಿಯನ್ನುಗಳನ್ನು ಒಟ್ಟುಗೂಡಿಸಿ, ತೂತಿನ ಅಳತೆಯ ಕಾಗದದ ಮಾದರಿಯೊಂದಿಗೆ ಒಂದೇ ಪೊಟ್ಟಣದಲ್ಲಿ ಕೊಟ್ಟರೆ, ಇಂಚು ಮತ್ತು ಮಿಲಿಮೀಟರಿನ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಇದರಲ್ಲಿ ನಮ್ಮ ಕಾರ್ಖಾನೆಗಳ ಕೈಗೆ ಮೀರಿದ್ದು ಏನೂ ಇಲ್ಲ.

ಕೊನೆಯದಾಗಿ ಕಾನೂನಿನ ಒಂದು ಮಾತನ್ನು ಇಲ್ಲಿ ಸೇರಿಸುವುದು ಅಗತ್ಯ. ಕಲ್ಲುಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ನಮ್ಮ ಸಮುದ್ರದಿಂದ ಅವನ್ನು ಕಿತ್ತು ತಂದು ಮಾರುವುದು ಅಪರಾಧ. ತೊಟ್ಟಿಯ ಕೋಡಿಯನ್ನು ಸರಿಯಾಗಿ ಕಟ್ಟುವವರು ಅದರೊಳಗೆ ಬರುವ ಜೀವಿಗಳ ಕಾಗದಪತ್ರಗಳನ್ನೂ ಸರಿಯಾಗಿ ನೋಡಿಕೊಳ್ಳಬೇಕು.

ಈಗ ನಾನು ತೊಟ್ಟಿಯನ್ನು ಹಸ್ತಾಂತರಿಸುವ ದಿನ ಗ್ರಾಹಕರ ಕೈಯಲ್ಲೇ ಸ್ವಿಚ್ಚು ಆರಿಸಲು ಹೇಳುತ್ತೇನೆ. ನೀರು ಇಳಿಯತೊಡಗಿದಾಗ ಅವರ ಮುಖದಲ್ಲಿ ಸ್ವಲ್ಪ ಗಾಬರಿ ಕಾಣುತ್ತದೆ. ಸಂಪಿನ ಮಟ್ಟ ಏರುತ್ತ ಹೋಗಿ, ನಾನು ಗೆರೆ ಎಳೆದ ಕಡೆ ಬಂದು ನಿಲ್ಲುತ್ತದೆ. ಆಗ ಬಾಕಿ ಹಣದ ಚೆಕ್ಕಿಗೆ ಸಹಿ ಮಾಡಲು ಯಾರೂ ತಡಮಾಡಿದ್ದಿಲ್ಲ. ಸದಸ್ಯ ಬಂಧುಗಳು ಮುಂದಿನ ತೊಟ್ಟಿಯ ಬಿಲ್ಲಿನ ಮೇಲೆ 'ರೀಫ್ ರೆಡಿ' ಎಂದು ಬರೆಯುವ ಮುನ್ನ ಒಮ್ಮೆ ಆ ಸ್ವಿಚ್ಚನ್ನು ಆರಿಸಿ ನೋಡಲಿ ಎಂದು ವಿನಂತಿಸುತ್ತೇನೆ.